ಕರಿ ಡಬ್ಬಿಯ ಹಿಡಿ

ಸುತ್ತಿಗೆ ಬಿದ್ದದ್ದೇ ತಡ, ಯಾಸೀನನ ಬಲಗೈ ಕಿರುಬೆರಳು ನಜ್ಜುಗುಜ್ಜಾಯಿತು. ಗಾಂಧಿ ಚೌಕದ ಗದ್ದಲದಲ್ಲಿ ಅವನ ಚೀರಾಟ ಯಾರಿಗೂ ಕೇಳಲಿಲ್ಲ. ಅವನ ರಿಪೇರಿ ಅಂಗಡಿಯ ಶಟರನ್ನು ಸುತ್ತಿಗೆ ಹಿಡಿದಿದ್ದ ಅತೀಕ ಮೊದಲೇ ಎಳೆದಿದ್ದ.

"ಇನ್ನೊಂದು ಬೆರಳು," ಎಂದಳು ಸಕೀನಾ.

ಅವಳಲ್ಲಿ ಕರುಣೆ ಬತ್ತಿಹೋಗಿತ್ತು. ಗಂಡ ಫಕ್ರುದ್ದೀನನನ್ನು ಮಣ್ಣು ಮಾಡಿ ಮೂರೇ ದಿನ. ಆಟದ ರೈಲುಗಾಡಿಯ ಹುಚ್ಚು ಹಿಡಿಸಿಕೊಂಡಿದ್ದ ಮನುಷ್ಯ, ಅದಕ್ಕೆ ಕರೆಂಟ್ ಕೊಡುವ ಹಳೇ ವಿಲಾಯತಿ ಟ್ರಾನ್ಸ್‌ಫಾರ್ಮರನ್ನು ಯಾಸೀನನ ಕೈಲಿ ರಿಪೇರಿ ಮಾಡಿಸಿದ್ದ. ಮರುದಿನವೇ ಶಾಕ್ ಹೊಡೆದು ಬಿದ್ದು, ಕಪಾಟಿಗೆ ತಲೆ ಬಡಿದು ಸತ್ತ ಎಂದೇ ಎಲ್ಲರೂ ನಂಬಿದ್ದರು. ಮೊದಲು ನೋಡಿದವನು ಅಂದು ಮನೆಗೆ ಬಂದಿದ್ದ ಮೈದುನ ಅತೀಕ. ತಿಕೋಟಾದ ದ್ರಾಕ್ಷಿ ತೋಟದ ಪಾಲಿಗಾಗಿ ಅಣ್ಣನೊಂದಿಗೆ ಮಾತು ಬಿಟ್ಟಿದ್ದವನು, ಹೆಣದ ಮುಂದೆ ಎದೆ ಬಡಿದುಕೊಂಡು ಅತ್ತಿದ್ದ. ಎಷ್ಟಾದರೂ ಒಡಹುಟ್ಟಿದವನು ಎಂದುಕೊಂಡಿದ್ದಳು ಸಕೀನಾ.

"ಆಪಾ, ಕೈ ಮುಗೀತೇನ್ರಿ. ಅದು ಕೊಲ್ಲೂ ಡಬ್ಬಿ ಅಲ್ಲ. ಹಳಿಗೆ ಬರೂದು ಹದಿನೈದ ವೋಲ್ಟ್. ಹೆಚ್ಚುಕಡಿಮಿ ಆದ್ರ ಕಟೌಟ್ ಬಿದ್ದು ಕರೆಂಟ್ ನಿಲ್ಲತೈತಿ," ಎಂದ ಯಾಸೀನ.

"ಸುಳ್ಳ ಬೊಗಳಬ್ಯಾಡಲೇ!" ಅತೀಕ ಅವನ ಕೆನ್ನೆಗೆ ಬಾರಿಸಿದ. "ನಾ ಹೋದಾಗ ಅಣ್ಣ ಆಗಲೇ ಸತ್ತು ಬಿದ್ದಿದ್ದ. ಗಾಡಿ ಇನ್ನೂ ಓಡಾಕತ್ತಿತ್ತು. ಎಲ್ಲಿ ಬಿತ್ತು ನಿನ್ನ ಕಟೌಟ್?"

"ಗಾಡಿ ಸಪ್ಪಳ ನಾನೂ ಕೇಳೇನಿ," ಎಂದಳು ಸಕೀನಾ. "ಅಡಗಿ ಮನ್ಯಾಗ ರೊಟ್ಟಿ ಬಡ್ಯಾಕತ್ತಿದ್ದೆ. ಇಂವ ಒದರಿಕೋತ ಹೊರಗ ಬರೂತನಕ ಗಾಡಿ ನಿಂತಿಲ್ಲ."

ಯಾಸೀನ ಅಳು ನಿಲ್ಲಿಸಿ ಇಬ್ಬರನ್ನೂ ನೋಡಿದ. ಸಕೀನಾ ತಂದಿದ್ದ ಆ ಟ್ರಾನ್ಸ್‌ಫಾರ್ಮರಿನ ಕರಿ ಡಬ್ಬಿಯನ್ನು ಎಡಗೈಯಿಂದ ಎಳೆದುಕೊಂಡ. ಅದರ ತಂತಿಗೆ ಸಣ್ಣ ಬಲ್ಬ್ ಸಿಕ್ಕಿಸಿ ಪ್ಲಗ್ ಹಾಕಿದ.

"ಆಪಾ, ಮ್ಯಾಲಿನ ಹಿಡಿ ಒತ್ತರಿ."

ಒತ್ತಿದಳು. ಬಲ್ಬ್ ಹತ್ತಿತು.

"ಕೈ ತಗೀರಿ."

ತೆಗೆದಳು. ಹಿಡಿ ಟಪ್ಪೆಂದು ಮೇಲೆ ಹಾರಿತು, ಬಲ್ಬ್ ಆರಿತು. ಮತ್ತೆ ಒತ್ತಿದಳು, ಬಿಟ್ಟಳು. ಮೂರನೆಯ ಸಲವೂ ಹಾಗೇ ಆಯಿತು.

"ನಾ ಹಾಕಿಕೊಟ್ಟಿದ್ದು ಇದೊಂದ ಸ್ಪ್ರಿಂಗ್ ರಿ. ಓಡಿಸಾಂವ ಎಚ್ಚರ ತಪ್ಪಿ ಕೈ ಬಿಟ್ರೂ ಗಾಡಿ ನಿಲ್ಲಬೇಕಂತ ಹಿಂಗ ಮಾಡ್ಯಾರ."

ಅತೀಕನ ಸುತ್ತಿಗೆ ಗಾಳಿಯಲ್ಲೇ ನಿಂತಿತ್ತು. ತಾನು ಮುರಿಸಿದ ಬೆರಳನ್ನು ನೋಡಲಾಗದೆ, ನಾಚಿಕೆಯಿಂದ ಕುಗ್ಗಿ, ಸಕೀನಾ ಮೈದುನನ ಕಡೆ ತಿರುಗಿದಳು.

"ಮನ್ಯಾಗ ಮತ್ಯಾರೂ ಇರಲಿಲ್ಲ. ನನ್ನ ಗಂಡ ಸತ್ತು ಬಿದ್ದಿದ್ದ ಅಂದ್ರ, ನನಗ ಗಾಡಿ ಸಪ್ಪಳ ಕೇಳಸಲಿ ಅಂತ ಅಷ್ಟೊತ್ತು ಈ ಹಿಡಿ ಒತ್ತಿ ಕುಂತಾಂವ ನೀನ ಏನೋ, ಅತೀಕ?"