ಮಗ್ದಾಳ ಪಕ್ಕದ ಗೂಡು

ಏಳು ಬೆಟ್ಟ ದಾಟಿದರೆ ಸಿಗುವ ಒಂದು ಊರಿನಲ್ಲಿ ಕಲ್ಲು ಹೆಚ್ಚು, ಮಣ್ಣು ಕಡಿಮೆ. ಹಾಗಾಗಿ ಸತ್ತವರಿಗೂ ಅಲ್ಲಿ ಹತ್ತೇ ವರ್ಷ ಸಮಾಧಿ. ಆಮೇಲೆ ಅವರ ತಲೆಬುರುಡೆಯನ್ನು ತೆಗೆದು, ತೊಳೆದು, ಬಿಸಿಲಿಗೆ ಒಣಗಿಸಿ, ಹಣೆಯ ಮೇಲೆ ಹೂ ಬರೆದು ಚರ್ಚಿನ ಗೋಡೆಯ ಗೂಡಿನಲ್ಲಿ ಇಡುತ್ತಾರೆ. ನೋಡಿದವರಿಗೆ ತಮ್ಮ ಸರದಿಯೂ ಇದೆಯೆಂಬುದು ನೆನಪಿರಲಿ ಎಂದು.

ಆ ದಿನ ಕೆಂಪು ಗುಲಾಬಿ ಬರೆದ ಬುರುಡೆಯೊಂದು ಗೋಡೆ ಸೇರಿತು. ಅದು ರೊಟ್ಟಿ ಅಂಗಡಿಯ ಮಗ್ದಾಳದು. ಮದುವೆಯನ್ನೇ ಆಗದೆ, ಊರನ್ನೆಲ್ಲ ನಗಿಸುತ್ತ ಬದುಕಿದವಳು. ಅವಳ ಪಕ್ಕ ಒಂದೇ ಒಂದು ಗೂಡು ಖಾಲಿಯಿತ್ತು. ಅದರ ಮುಂದೆ ಇಬ್ಬರು ಮುದುಕರು ಜಗಳಕ್ಕೆ ನಿಂತಿದ್ದರು. ಒಬ್ಬ ಗಡಿಯಾರ ರಿಪೇರಿಯವನು, ಇನ್ನೊಬ್ಬ ದರ್ಜಿ.

“ಈ ಜಾಗ ನಂದು. ಅವಳನ್ನ ಮೊದಲು ನೋಡಿದ್ದು ನಾನು,” ಎಂದ ಗಡಿಯಾರದವನು.

“ಹೋಗೋ. ನೀನು ನೋಡೋ ಹೊತ್ತಿಗೆ ನಾನು ಅವಳಿಗೆ ಎರಡು ಲಂಗ ಹೊಲಿದು ಕೊಟ್ಟಿದ್ದೆ.”

“ಎರಡೂ ಬಿಗಿ ಅಂತ ನನ್ನ ಹತ್ರ ಹೇಳ್ಕೊಂಡು ನಕ್ಕಿದ್ಲು.”

ಬುರುಡೆಗಳಿಗೆ ಹೂ ಬರೆಯುವ ಅಜ್ಜಿ ಕುಂಚ ತೊಳೆಯುತ್ತಿದ್ದವಳು ತಲೆಯೆತ್ತಿದಳು.

“ಐವತ್ತು ವರ್ಷದಿಂದ ಇದೇ ರಾಗ ನಿಮ್ಮದು. ಸುಮ್ನಿರಿ ಇಬ್ರೂ. ಯಾರು ಮೊದಲು ಸಾಯ್ತೀರೋ ಅವರಿಗೆ ಈ ಗೂಡು. ಆಯ್ತಾ?”

ದರ್ಜಿ ತನ್ನ ಟೋಪಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಗಡಿಯಾರದವನು ಗಂಟಲು ಸರಿಮಾಡಿಕೊಂಡ.

“ಸರಿಯಾಗಿ ಯೋಚನೆ ಮಾಡಿದ್ರೆ, ಅವಳನ್ನ ಮೊದಲು ನೋಡಿದ್ದು ನೀನೇ ಕಣೋ.”

“ಇಲ್ಲಪ್ಪ,” ಎಂದ ದರ್ಜಿ, “ನೀನೇ.”