ತಿಮಿಂಗಿಲದ ಮುಂದೆ ಒಡೆದ ಕುಂಬಳಕಾಯಿ

ಆಯುಧಪೂಜೆಯ ದಿನ ಒಡೆದ ಬೂದುಗುಂಬಳದ ಹಸಿವಾಸನೆ ಮೂಗಿಗೆ ಬಡಿದರೆ ನಾನು ಈಗಲೂ ಬೇರೆ ರಸ್ತೆ ಹಿಡಿಯುತ್ತೇನೆ.

ಪೀಣ್ಯದಲ್ಲಿ ಅಪ್ಪನದೊಂದು ವೆಲ್ಡಿಂಗ್ ಶೆಡ್ಡು ಇತ್ತು. ಯಾವುದೋ ವಸ್ತುಪ್ರದರ್ಶನಕ್ಕೆಂದು ಅಪ್ಪ, ಚಿಕ್ಕಪ್ಪ ಸೇರಿ ಒಂದು ಪುಟ್ಟ ರೋಲರ್ ಕೋಸ್ಟರ್ ಕಟ್ಟಿದ್ದರು. ಮುಂದಿನ ಗಾಡಿ ನೀಲಿ ತಿಮಿಂಗಿಲ, ಹಿಂದಿನದು ಆಮೆ. ನಮ್ಮಲ್ಲಿ ಯಾರೂ ಸಮುದ್ರ ಕಂಡವರಲ್ಲ. ತಿಮಿಂಗಿಲದ ಮೂತಿ ಎಮ್ಮೆಯ ಹಾಗಿತ್ತು. ಅದರ ಕಣ್ಣಿಗೆ ಚಿಕ್ಕಪ್ಪ ನನ್ನ ಕೈಯಿಂದಲೇ ಬಣ್ಣ ಹಚ್ಚಿಸಿದ್ದ.

ಆಯುಧಪೂಜೆಯ ಮಧ್ಯಾಹ್ನ, ಮೊದಲ ಸಲ ಓಡಿಸುವ ಮುಂಚೆ, ಅದಕ್ಕೆ ಪೂಜೆಯಾಯಿತು. ಅಪ್ಪ ಕುಂಬಳಕಾಯಿಯನ್ನು ಹಳಿಯ ಮೇಲೇ ಒಡೆದ, ಕೊನೆಯ ತಿರುವಿಗೆ ಮುಂಚೆ, ಬ್ರೇಕ್ ಕಚ್ಚುವ ಜಾಗದಲ್ಲಿ. ತಿರುಳು, ಬೀಜ, ಕುಂಕುಮ ಕಬ್ಬಿಣಕ್ಕೆ ಮೆತ್ತಿಕೊಂಡವು. ಅವನು ಒರೆಸಲು ಬಟ್ಟೆ ಹಿಡಿದು ಬಗ್ಗಿದ.

"ಒಡೆದ ಕಾಯಿ ಮುಟ್ಬಾರ್ದು ಕಣ್ಲಾ. ದೃಷ್ಟಿ ವಾಪಸ್ ಮನೆಗೇ ಬತ್ತೈತೆ," ಎಂದಳು ಅಜ್ಜಿ.

ಅಪ್ಪ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. ನಾನು ಹತ್ತಲು ಓಡಿದೆ. "ಮೊದ್ಲು ನಾನೊಂದು ಸುತ್ತು ಬತ್ತೀನಿ, ಆಮೇಲೆ ನೀನು ಪುಟ್ಟಿ," ಎಂದು ಚಿಕ್ಕಪ್ಪ ತಿಮಿಂಗಿಲದಲ್ಲಿ ಕೂತ.

ಗಾಡಿ ಇಳಿಜಾರಿನಲ್ಲಿ ನುಗ್ಗಿ ಬಂತು. ಅಪ್ಪ ಬ್ರೇಕ್ ಎಳೆದ, ಅದು ಹಿಡಿಯಲಿಲ್ಲ. ತಿಮಿಂಗಿಲ ತಿರುವಿನಲ್ಲಿ ಹಳಿ ಬಿಟ್ಟು ಶೆಡ್ಡಿನ ಗೋಡೆಗೆ ಗುದ್ದಿತು.

ಚಿಕ್ಕಪ್ಪ ಸಂಜೆಯವರೆಗೂ ಉಳಿಯಲಿಲ್ಲ. "ಯಾರ ಕಣ್ಣು ಬಿತ್ತೋ!" ಎಂದು ಅಜ್ಜಿ ಎದೆ ಬಡಿದುಕೊಂಡಳು.

ಮುಂದಿನ ವರ್ಷವೂ ಆಯುಧಪೂಜೆಗೆ ಅವಳು ಕುಂಬಳಕಾಯಿ ತಂದಳು. ಅಪ್ಪ ಅದನ್ನು ರಸ್ತೆಗೆ ಒಯ್ದು ಒಡೆದ. ಆಮೇಲೆ ಮಂಡಿಯೂರಿ ಕೂತು, ಹೆಗಲ ಮೇಲಿನ ಬಟ್ಟೆಯಿಂದ ಒಂದು ಬೀಜವನ್ನೂ ಬಿಡದೆ ಒರೆಸತೊಡಗಿದ.

ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮುಟ್ಟಬೇಡ ಎನ್ನಲಿಲ್ಲ.