ಗೋವಿನಜೋಳ ಬಿಡಿಸಿದ ಮಧ್ಯಾಹ್ನ

ಒಣಗಿದ ಗೋವಿನಜೋಳದ ವಾಸನೆ ಬಂದರೆ ಈಗಲೂ ನನ್ನ ಹೆಬ್ಬೆರಳು ತಾನಾಗಿಯೇ ಮುಷ್ಟಿಯೊಳಗೆ ಸೇರಿಕೊಳ್ಳುತ್ತದೆ.

ಮಿಷನ್ನಿಗೆ ಹಾಕದೆ ಮನೆಗೆಂದು ಉಳಿಸಿಕೊಂಡ ತೆನೆಗಳನ್ನು ಚಿಗಳ್ಳಿಯ ಅಜ್ಜಿಯ ಅಂಗಳದಲ್ಲಿ ಎಲ್ಲರೂ ಬಿಡಿಸುತ್ತ ಕೂತಿದ್ದರು. ಹಿಂದಿನ ವರ್ಷ ಅದೇ ರಾಶಿಯ ಮೇಲೆ ಕುಣಿದು, ಕಾಳನ್ನೆಲ್ಲ ಚೆಲ್ಲಾಡಿ ಏಟು ತಿಂದವಳು ನಾನು. ಆಮೇಲೆ ಹುಬ್ಬಳ್ಳಿಯ ಡಾಕ್ಟರು ನನಗೆ ಎಡಿಎಚ್‌ಡಿ ಇದೆ, ಅದಕ್ಕೇ ಕೂತಲ್ಲಿ ಕೂರಲಾಗುವುದಿಲ್ಲ ಎಂದರು. ಮೊದಲು ಕೊಟ್ಟ ಗುಳಿಗೆಯಿಂದ ಏನೂ ಆಗಲಿಲ್ಲ. ಈಗ ಬೇರೆಯದು ಶುರುವಾಗಿತ್ತು. ಕೇಳಿದವರಿಗೆಲ್ಲ ಅವ್ವ ಅದನ್ನು ಜಂತಿನ ಗುಳಿಗೆ ಎನ್ನುತ್ತಿದ್ದಳು.

ಅಂದು ನಾನು ಕೂತಲ್ಲಿಂದ ಏಳಲಿಲ್ಲ. ಗಟ್ಟಿ ಕಾಳುಗಳನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಬಿಡಿಸುತ್ತಲೇ ಇದ್ದೆ. ಊಟಕ್ಕೆ ಕರೆದರು, ಹಸಿವೇ ಇರಲಿಲ್ಲ.

"ನೋಡಕ್ಕಾ, ಎಷ್ಟ ಶ್ಯಾಣ್ಯಾಕಿ ಆಗ್ಯಾಳ ನಿನ್ನ ಮಗಳು!" ಎಂದಳು ಚಿಗವ್ವ.

ಅವ್ವನ ಮುಖ ಅರಳಿತು. ಅದನ್ನು ನೋಡಿ ನಾನು ಇನ್ನೂ ಜೋರಾಗಿ ಬಿಡಿಸಿದೆ.

ಅಜ್ಜಿ ಮಾತ್ರ ನನ್ನ ಮುಂದಿನ ಕಾಳನ್ನು ಬೊಗಸೆಯಲ್ಲಿ ಎತ್ತಿ ನೋಡಿದಳು. ಹಳದಿ ಕಾಳಿಗೆ ರಕ್ತ ಹತ್ತಿತ್ತು. ನನ್ನ ಬೆರಳು ಹಿಡಿದಳು, ಚರ್ಮ ಸುಲಿದಿತ್ತು.

"ಉರಿಯೂದಿಲ್ಲೇನ ನಿನಗ?"

ನಾನು ಇನ್ನೊಂದು ಕೈಯಿಂದ ಮತ್ತೊಂದು ತೆನೆ ಎತ್ತಿಕೊಂಡೆ. ಅಜ್ಜಿ ಅವ್ವನ ಕಡೆ ತಿರುಗಿದಳು. "ಮುಂಜಾನಿಂದ ಒಂದ ಮಾತ ಆಡಿಲ್ಲ ಇದು. ಎಂಥಾ ಗುಳಿಗಿ ಕೊಡಾಕತ್ತೀಯ?"

ಎಲ್ಲರ ಕೈಗಳೂ ನಿಂತವು. ಅವ್ವ ತಲೆ ತಗ್ಗಿಸಿದಳು. "ನಾಳೆ ಮತ್ತ ಡಾಕ್ಟರ ಕಡೆ ಹೋಗಿ ಬರ್ತೇವಿ ಬೇ," ಎಂದಳು.

ನಾನು ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ. ನಾನು ಕುಣಿದಾಗಲೆಲ್ಲ ತಗ್ಗುತ್ತಿದ್ದ ಅವ್ವನ ತಲೆ, ಸುಮ್ಮನೆ ಕೂತರೂ ತಗ್ಗಿತ್ತು.